ಭೂ ಆಡಳಿತದ ವಿಕೇಂದ್ರೀಕರಣವೂ ಪ್ರಜೆಗಳ ಸೌಕರ್ಯವೂ

ನಗರಗಳಲ್ಲಿ ನೆಲಸಿರುವ ವಿದ್ಯಾವಂತರಲ್ಲಿ ಬಹುಮಂದಿಗೆ ಪಹಣಿ, ಖಾತೆ, ಪೋಡಿ ಎಂಬ ಮಾತುಗಳು ತಾತಂದಿರ ಕಾಲಕ್ಕೆ ಸೇರಿದುವೆಂದು ತೋರುವುದುಂಟು. ಊರಿನ ಜಮೀನನ್ನು ಅಣ್ಣನೋ ಚಿಕ್ಕಪ್ಪನ ಮಗನೋ ನೋಡಿಕೊಳ್ಳುತ್ತಿರುವನು. ಅದರ ಕಾಗದಪತ್ರಗಳು ಅಲ್ಲಿಯೇ ಯಾವುದೋ ಪೆಟ್ಟಿಗೆಯಲ್ಲಿ ಇರಬಹುದೆಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಇಂದು ಹಳ್ಳಿಯ ರೈತನಿಗೆ ಸರ್ಕಾರದಿಂದ ಸಲ್ಲತಕ್ಕ ಸೌಕರ್ಯಗಳಲ್ಲಿ ಬಹುಭಾಗಕ್ಕೆ ಈ ಕಾಗದವೇ ಬಾಗಿಲಾಗಿದೆ. ಸಹಕಾರ ಸಂಘದ ಬೆಳೆಸಾಲ, ಬೆಳೆವಿಮೆ, ಅನಾವೃಷ್ಟಿಯಾದಾಗ ದೊರೆಯುವ ಪರಿಹಾರ, 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ಹಣ, ಇವೆಲ್ಲವೂ ಜಮೀನು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳುತ್ತವೆ. ಹೆಸರು ಸರಿಯಾಗಿದ್ದರೆ ಬಾಗಿಲು ತೆರೆಯುವುದು. ಇಲ್ಲವಾದರೆ ಉಳುವವನು ಎದುರಿಗೇ ನಿಂತಿದ್ದರೂ ತೆರೆಯದು.

ಆದುದರಿಂದ ಈ ಕಾಗದವನ್ನು ಇಡತಕ್ಕ ಕಚೇರಿ ಎಲ್ಲಿರಬೇಕು, ಅದರಲ್ಲಿ ತಿದ್ದುಪಡಿ ಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಅಧಿಕಾರವನ್ನು ಹಳ್ಳಿಗೇ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಕೆಲವರು ಹೇಳುವರು. ಹಳ್ಳಿಗೆ ಕೊಟ್ಟರೆ ಬಲ್ಲಿದರ ಪಾಲಾಗುವುದೆಂದು ಮತ್ತೆ ಕೆಲವರು ಹೇಳುವರು. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಬರಿಯ ತರ್ಕದಿಂದ ಇದನ್ನು ಇತ್ಯರ್ಥಮಾಡುವುದು ಸಾಧ್ಯವಿಲ್ಲ. ನಮ್ಮ ನಾಡಿನಲ್ಲಿಯೇ ಈ ವಿಷಯದಲ್ಲಿ ನೂರು ವರ್ಷಕ್ಕೂ ಮೀರಿದ ಅನುಭವ ಸಂಗ್ರಹವಾಗಿರುವುದರಿಂದ, ಆ ಅನುಭವವು ಏನನ್ನು ಕಲಿಸುತ್ತದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಭೂ ಆಡಳಿತವೆಂಬುದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊರಗಿನಿಂದ ಒಂದೇ ಕೆಲಸವಾಗಿ ಕಾಣುವ ಇದರಲ್ಲಿ ವಾಸ್ತವವಾಗಿ ಮೂರು ಕೆಲಸಗಳಿವೆ. ಮೊದಲನೆಯದು, ಇದ್ದುದನ್ನು ಇದ್ದಂತೆ ಅರಿಯುವುದು: ಈ ಹೊಲವನ್ನು ಉಳುವವರು ಯಾರು, ಎಲ್ಲೆಯ ಕಲ್ಲು ಎಲ್ಲಿದೆ, ಸತ್ತವನಿಗೆ ಮಕ್ಕಳೆಷ್ಟು ಎಂಬುದು. ಎರಡನೆಯದು, ತೀರ್ಮಾನಮಾಡುವುದು: ಇಬ್ಬರು ನನ್ನದು ನನ್ನದು ಎಂದಾಗ ಯಾರ ಹೆಸರನ್ನು ದಾಖಲೆಗೆ ಏರಿಸಬೇಕೆಂಬುದು. ಮೂರನೆಯದು, ಹಾಗೆ ಏರಿಸಿದ ದಾಖಲೆಯನ್ನು ಕಾಪಾಡಿಟ್ಟು, ಬೇಕಾದವರಿಗೆ ಬೇಕಾದಾಗ ನಕಲು ಕೊಡುವುದು. ಅರಿವು, ತೀರ್ಮಾನ, ನಕಲು ಎಂದು ಈ ಮೂರನ್ನು ಕರೆಯೋಣ. ವಿಕೇಂದ್ರೀಕರಣದ ಚರ್ಚೆಯಲ್ಲಿ ಉಂಟಾಗುವ ಗೊಂದಲಕ್ಕೆ ಮುಖ್ಯ ಕಾರಣವೇನೆಂದರೆ, ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿ, ಹಳ್ಳಿಗೆ ಕೊಡೋಣವೋ ಬೇಡವೋ ಎಂದು ಕೇಳುವುದು.

ಹಳೆಯ ಮೈಸೂರಿನಲ್ಲಿ ಈ ಮೂರೂ ಹಳ್ಳಿಯಲ್ಲಿಯೇ ಇದ್ದುವು ಎನ್ನಬಹುದು. ತಾಲ್ಲೂಕಿಗೆ ಅಮಲ್ದಾರರು, ಹೋಬಳಿಗೆ ಶೇಕ್ದಾರರು, ಗ್ರಾಮಕ್ಕೆ ಪಟೇಲ ಮತ್ತು ಶಾನುಭೋಗ, ಅವರ ಕೈಕೆಳಗೆ ತೋಟಿ, ತಳವಾರ, ನೀರಗಂಟಿ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಕಂದಾಯದ ಆಡಳಿತ ನಡೆಯುತ್ತಿದ್ದಿತು. 1888ರ ಭೂಕಂದಾಯ ಸಂಹಿತೆಯೂ 1908ರ ಗ್ರಾಮಾಧಿಕಾರಗಳ ರೆಗ್ಯುಲೇಷನ್ನೂ ಈ ವ್ಯವಸ್ಥೆಗೆ ಶಾಸನದ ರೂಪವನ್ನು ಕೊಟ್ಟುವು. ಶಾನುಭೋಗನ ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿದ್ದುದರಿಂದ ಊರಿನ ಒಂದೊಂದು ಗುಂಟೆಯ ಚರಿತ್ರೆಯೂ ಅವನಿಗೆ ಗೊತ್ತಿದ್ದಿತು. ಯಾವ ಹೊಲ ಯಾವಾಗ ಭಾಗವಾಯಿತು, ಯಾವ ಬಾವಿಯ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲವರಿದ್ದರು. ರೈತನಾದರೋ ಒಂದು ನಕಲಿಗಾಗಿ ದಿನದ ಕೂಲಿಯನ್ನು ಕಳೆದುಕೊಂಡು ಊರುಬಿಟ್ಟು ಹೋಗಬೇಕಾಗಿರಲಿಲ್ಲ. ಸಾಮೀಪ್ಯವೊಂದನ್ನೇ ಅಳತೆಗೋಲಾಗಿ ಹಿಡಿದರೆ ಇದಕ್ಕಿಂತ ವಿಕೇಂದ್ರೀಕೃತವಾದ ಏರ್ಪಾಡು ಬೇರೊಂದಿಲ್ಲ.

ಆದರೆ ಅರಿವು, ತೀರ್ಮಾನ, ನಕಲು ಮೂರೂ ಒಂದೇ ಮನೆಯ ಜಗಲಿಯ ಮೇಲೆ ಕೂಡಿಬಂದುದರ ಫಲವನ್ನೂ ಹಳ್ಳಿ ಉಂಡಿತು. ಶಾಸನದ ದೃಷ್ಟಿಯಿಂದ ತೀರ್ಮಾನದ ಅಧಿಕಾರವು ಮೇಲಿನವರದೇ ಆಗಿದ್ದರೂ, ಮೇಲಿನವರು ನೋಡತಕ್ಕುದು ಶಾನುಭೋಗನು ಬರೆದ ಲೆಕ್ಕವನ್ನೇ ಅಲ್ಲವೆ? ಓದುಬರಹವಿಲ್ಲದ ರೈತನಿಗೆ ತನ್ನ ಹೊಲದ ಮೇಲೆ ತನ್ನ ಹೆಸರೇ ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಶಾನುಭೋಗನ ಮಾತಲ್ಲದೆ ಬೇರೆ ಆಧಾರವಿರಲಿಲ್ಲ. ಧರ್ಮಿಷ್ಠರಾದ ಶಾನುಭೋಗರು ಅನೇಕರಿದ್ದರು. ಅವರ ನೆನಪು ಇಂದಿಗೂ ಹಳ್ಳಿಗಳಲ್ಲಿ ಹಸುರಾಗಿದೆ. ಆದರೆ ಒಬ್ಬನ ಧರ್ಮಬುದ್ಧಿಯನ್ನೇ ನೆಚ್ಚಿಕೊಂಡ ವ್ಯವಸ್ಥೆ, ಆ ಬುದ್ಧಿ ಕೆಟ್ಟಾಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದು. ಇದನ್ನು ತಡೆಯುವುದಕ್ಕೆ ಇದ್ದ ಉಪಾಯವು ಜಮಾಬಂದಿ. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಗ್ರಾಮದ ಲೆಕ್ಕಗಳನ್ನು ತರಿಸಿ ತನಿಖೆಮಾಡುತ್ತಿದ್ದರು. ಇದರಿಂದ ಸರ್ಕಾರದ ಹಣಕ್ಕೆ ಮೋಸವಾಗುವುದು ತಪ್ಪುತ್ತಿದ್ದಿತು. ರೈತನ ಹಕ್ಕಿಗೆ ಮೋಸವಾದರೆ ಅದು ಜಮಾಬಂದಿಯಲ್ಲಿ ಕಾಣಲೇಬೇಕೆಂಬ ನಿಯಮವಿರಲಿಲ್ಲ. ಕಂದಾಯ ಯಾರಿಂದ ಬಂದರೂ ಮೊತ್ತ ಒಂದೇ.

ಸ್ವಾತಂತ್ರ್ಯಾನಂತರ ಈ ವಂಶಪಾರಂಪರ್ಯವು ಕೊನೆಗೊಂಡಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಶಾನುಭೋಗನ ಸ್ಥಾನದಲ್ಲಿ ಸಂಬಳದಾರನಾದ, ವರ್ಗಾವಣೆಗೆ ಒಳಪಟ್ಟ ಗ್ರಾಮಲೆಕ್ಕಿಗನು ಬಂದನು. ಒಂದೊಂದು ವೃತ್ತಕ್ಕೆ ಹಲವು ಗ್ರಾಮಗಳು ಸೇರಿದುವು. 1964ರ ಭೂಕಂದಾಯ ಅಧಿನಿಯಮವು ಹಕ್ಕು ಬದಲಾವಣೆಯ ವಿಧಾನವನ್ನು ವಿವರವಾಗಿ ಗೊತ್ತುಮಾಡಿತು. ಕ್ರಯ, ದಾನ, ವಿಭಾಗ, ಮರಣ, ಯಾವ ಕಾರಣದಿಂದ ಹಕ್ಕು ಬದಲಾದರೂ ವರದಿ ಬರಬೇಕು. ಅದನ್ನು ಬದಲಾವಣೆಯ ರಿಜಿಸ್ಟರಿನಲ್ಲಿ ಬರೆದು ಚಾವಡಿಯಲ್ಲಿ ನೋಟೀಸು ಅಂಟಿಸಬೇಕು. ತಕರಾರು ಬಂದರೆ ಬೇರೆ ಪುಸ್ತಕದಲ್ಲಿ ಬರೆದು ವಿಚಾರಣೆ ನಡೆಸಬೇಕು. ತೀರ್ಪು ಒಪ್ಪಿಗೆಯಾಗದವನು ಅಸಿಸ್ಟೆಂಟ್ ಕಮಿಷನರ ಬಳಿಗೆ ಅಪೀಲು ಹೋಗಬಹುದು. ದಾಖಲೆಯಲ್ಲಿರುವುದು ಸುಳ್ಳೆಂದು ಸ್ಥಾಪಿತವಾಗುವವರೆಗೆ ನಿಜವೆಂದೇ ಭಾವಿಸತಕ್ಕುದು. ಈ ಕೊನೆಯ ಮಾತಿನ ಭಾರವನ್ನು ಗಮನಿಸಬೇಕು. ಒಮ್ಮೆ ಬರೆದುದು ನಿಜವೆಂದು ನಿಲ್ಲುವುದಾದರೆ, ಬರೆಯುವ ಕೈ ಎಷ್ಟು ಬಲವುಳ್ಳದ್ದಾಯಿತು!

ಹೊಸ ವ್ಯವಸ್ಥೆಯಲ್ಲಿ ವಂಶದ ಹಿಡಿತ ಹೋಯಿತು, ಪುಸ್ತಕದ ಹಿಡಿತ ಹೋಗಲಿಲ್ಲ. ಪಹಣಿಯ ಮೂಲವೂ ನಕಲೂ ಲೆಕ್ಕಿಗನ ಕೈಚೀಲದಲ್ಲಿಯೇ ಇರುತ್ತಿದ್ದುವು. ಶಾನುಭೋಗನಾದರೋ ಊರಿನಲ್ಲಿಯೇ ಸಿಕ್ಕುತ್ತಿದ್ದನು. ಲೆಕ್ಕಿಗನನ್ನು ಹುಡುಕಿಕೊಂಡು ಹೋಗಬೇಕಾಯಿತು. ಇಂದು ತಾಲ್ಲೂಕು ಕಚೇರಿಯಲ್ಲಿ ಮೀಟಿಂಗು, ನಾಳೆ ಚುನಾವಣೆಯ ಕೆಲಸ, ಮೂರನೆಯ ದಿನ ಬೇರೊಂದು ಗ್ರಾಮ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯು ಪಹಣಿಗಾಗಿ ಅಲೆದ ರೈತನ ಬಾಯಲ್ಲಿ ಹೊಸ ಅರ್ಥವನ್ನು ಪಡೆಯಿತು.

ಇದೇ ಕಾಲದಲ್ಲಿ ನಕಲಿನ ವಿಷಯದಲ್ಲಿ ಅಲ್ಲ, ತೀರ್ಮಾನದ ವಿಷಯದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣೆಯ ಶಾಸನಕ್ಕೆ ತಂದ ತಿದ್ದುಪಡಿಯು 1974ರ ಮಾರ್ಚಿ 1ರಿಂದ ಜಾರಿಗೆ ಬಂದಾಗ, ಗೇಣಿದಾರರ ಹಕ್ಕನ್ನು ನಿರ್ಣಯಿಸುವುದಕ್ಕಾಗಿ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳು ಏರ್ಪಟ್ಟುವು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಸರ್ಕಾರವು ನಾಮಕರಣಮಾಡಿದ ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿಗೆ ಅಥವಾ ಪಂಗಡಕ್ಕೆ ಸೇರಿದವರು. ಮೊದಲ ವರ್ಷಗಳಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಯ ಚೀಟಿಯೇ ಇಲ್ಲದ ಬಡವನು ನೆರೆಯವರ ಸಾಕ್ಷಿಯನ್ನು ಕರೆತಂದು ತನ್ನ ಮಾತಿನಲ್ಲಿಯೇ ಅಹವಾಲು ಹೇಳಬಹುದಾಗಿದ್ದಿತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದು, ಅವುಗಳಲ್ಲಿ ಅರ್ಧಕ್ಕೂ ಮಿಗಿಲಾದುವು ಗೇಣಿದಾರರ ಪರವಾಗಿ ತೀರಿದುವು. ಸಿವಿಲ್ ಕೋರ್ಟುಗಳ ಮೂಲಕ ಈ ಕಾರ್ಯವು ಒಂದು ತಲೆಮಾರಿನಲ್ಲಿ ಮುಗಿಯುತ್ತಿರಲಿಲ್ಲ. ತೀರ್ಮಾನವು ಸ್ಥಳದ ಸಮೀಪಕ್ಕೆ ಬಂದರೆ ಆಗುವ ಒಳಿತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಆದರೂ ಅದೇ ಮಂಡಲಿಗಳ ಕಾರ್ಯದಲ್ಲಿ ಒಂದು ಕೊರತೆಯೂ ಕಂಡುಬಂದಿತು. ಕಾರಣಗಳನ್ನು ಸರಿಯಾಗಿ ಬರೆಯದೆ, ಎದುರು ಪಕ್ಷಕ್ಕೆ ಅವಕಾಶ ಕೊಡದೆ ಮಾಡಿದ ಆಜ್ಞೆಗಳು ಹೈಕೋರ್ಟಿನಲ್ಲಿ ನಿಲ್ಲದೆ ಮರುವಿಚಾರಣೆಗೆ ಹಿಂದಿರುಗಿ ಬಂದುವು. ಒಮ್ಮೆ ಗೆದ್ದೆನೆಂದು ಸಂತೋಷಪಟ್ಟ ಗೇಣಿದಾರನು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು. 1986ರಲ್ಲಿ ಅಪೀಲಿನ ಪ್ರಾಧಿಕಾರಗಳನ್ನು ಏರ್ಪಡಿಸಿ, 1990ರಲ್ಲಿ ಮತ್ತೆ ಅವನ್ನು ತೆಗೆದುಹಾಕಿದುದರಿಂದ ಈ ಅಲೆದಾಟವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಸಮೀಪದಲ್ಲಿ ಕುಳಿತು ತೀರ್ಮಾನಿಸುವವನಿಗೆ ಬರೆಯುವ ಶಿಸ್ತೂ ಬೇಕು, ಅವನ ಮೇಲೆ ಸ್ಥಿರವಾದ ಒಂದು ಅಪೀಲಿನ ಸ್ಥಾನವೂ ಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಇನ್ನು ಪಂಚಾಯತಿಗಳ ವಿಷಯ. 1983ರ ಅಧಿನಿಯಮದ ಮೇರೆಗೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆದು, ಅಬ್ದುಲ್ ನಜೀರ್ ಸಾಬರ ಹೆಸರು ಮನೆಮಾತಾಯಿತು. ಶಾಲೆ, ಕುಡಿಯುವ ನೀರು, ಆರೋಗ್ಯ ಮೊದಲಾದುವು ಚುನಾಯಿತ ಸಂಸ್ಥೆಗಳ ಕಡೆಗೆ ಬಂದುವು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗಳನ್ನು ಸ್ಥಾಪಿಸಿತು. ಆದರೆ ಕಂದಾಯ ಇಲಾಖೆ ಮಾತ್ರ ತನ್ನ ಹಳೆಯ ಮೆಟ್ಟಿಲುಗಳ ಮೇಲೆಯೇ ನಿಂತಿತು. ಸಾಗುವಳಿಯ ಜಮೀನಿನ ದಾಖಲೆ ಪಂಚಾಯತಿಯ ಕೈಗೆ ಬರಲಿಲ್ಲ. ಗ್ರಾಮಠಾಣದೊಳಗಿನ ಮನೆ ಮತ್ತು ನಿವೇಶನಗಳ ಖಾತೆ ಮಾತ್ರ ಅದರ ವಶದಲ್ಲಿದ್ದಿತು.

ಆ ಅಲ್ಪ ಅಧಿಕಾರದಿಂದಲೂ ಏನಾಯಿತೆಂಬುದನ್ನು ನಗರದ ಶ್ರೋತೃಗಳು ಚೆನ್ನಾಗಿ ಬಲ್ಲರು. ಬೆಂಗಳೂರಿನಂಥ ನಗರಗಳ ಸುತ್ತಣ ಹೊಲಗಳು, ಭೂಪರಿವರ್ತನೆಯಿಲ್ಲದೆ, ನಕ್ಷೆಗೆ ಮಂಜೂರಾತಿಯಿಲ್ಲದೆ, ನಿವೇಶನಗಳಾಗಿ ತುಂಡಾಗಿ, ಪಂಚಾಯತಿಯ ಖಾತೆಯೊಂದನ್ನೇ ನಂಬಿದವರಿಗೆ ಮಾರಾಟವಾದುವು. ಬಹುಕಾಲದ ಉಳಿತಾಯವನ್ನು ಇಂಥ ನಿವೇಶನಕ್ಕೆ ಸುರಿದು, ಬ್ಯಾಂಕಿನ ಸಾಲವೂ ಸಿಕ್ಕದೆ, ಚರಂಡಿಯೂ ಬಾರದೆ ಸಂಕಟಪಟ್ಟ ಉಪಾಧ್ಯಾಯರೂ ಗುಮಾಸ್ತರೂ ನಮ್ಮ ಪರಿಚಯದಲ್ಲಿಯೇ ಇದ್ದಾರೆ. 2013ರಲ್ಲಿ ಇ-ಸ್ವತ್ತು ಎಂಬ ಗಣಕ ವ್ಯವಸ್ಥೆಯನ್ನು ತಂದು, 9 ಮತ್ತು 11ನೆಯ ನಮೂನೆಗಳನ್ನು ಮನಬಂದಂತೆ ಕೊಡುವುದನ್ನು ತಡೆಯಬೇಕಾಯಿತು. ಪಂಚಾಯತಿಗಳು ಕೆಟ್ಟುವೆಂದು ಇದರ ಅರ್ಥವಲ್ಲ. ಭೂಮಿಯ ಬೆಲೆ ಏರಿದ ಕಡೆ, ನಾಲ್ಕು ಜನಕ್ಕೆ ಕಾಣದಂತೆ ಖಾತೆ ಬರೆಯುವ ಅಧಿಕಾರವು ಯಾರ ಕೈಯಲ್ಲಿದ್ದರೂ ಅಪಾಯವೇ ಎಂಬುದು ಇದರ ಅರ್ಥ.

ಈಗ ನಕಲಿನ ಕಡೆಗೆ ತಿರುಗೋಣ. 2001ರ ಸುಮಾರಿಗೆ ಆರಂಭವಾಗಿ ರಾಜ್ಯದ ತಾಲ್ಲೂಕುಗಳನ್ನೆಲ್ಲ ಆವರಿಸಿದ 'ಭೂಮಿ' ಯೋಜನೆಯು ಈ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿ ಚದರಿಹೋಗಿದ್ದ, 67 ಲಕ್ಷ ರೈತರಿಗೆ ಸಂಬಂಧಪಟ್ಟ, ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವರಿಗೆ, ಯಾರೆಂದು ಕೇಳದೆ, ಅಲ್ಲಿಯೇ ಅಚ್ಚಾದ ಪಹಣಿ ದೊರೆಯುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೀರಿಸಬೇಕು. ದಾಖಲೆಯನ್ನು ತಿದ್ದುವ ನೌಕರನು ಬೆರಳಿನ ಗುರುತನ್ನು ಕೊಟ್ಟೇ ಯಂತ್ರವನ್ನು ತೆರೆಯಬೇಕು.

ಇದು ವಿಕೇಂದ್ರೀಕರಣವಲ್ಲ, ಅದರ ವಿಪರ್ಯಾಸ ಎಂಬುದನ್ನು ಶ್ರೋತೃಗಳು ಗಮನಿಸಿರಬಹುದು. ಹಳ್ಳಿಯಲ್ಲಿದ್ದ ದಾಖಲೆಯನ್ನು ತಾಲ್ಲೂಕಿಗೆ ಎಳೆದುಕೊಂಡುದರಿಂದ ಪ್ರಜೆಗೆ ಸೌಕರ್ಯ ಹೆಚ್ಚಿತು! ಇದು ಹೇಗೆ? ಮೊದಲಿಗಿಂತ ದೂರವಾದರೂ, ಒಬ್ಬ ವ್ಯಕ್ತಿಯ ಮರ್ಜಿಯಿಂದ ದಾಖಲೆ ಬಿಡುಗಡೆಯಾಯಿತು. ಯಾವ ಕಿಟಕಿಗೆ ಹೋಗಬೇಕು, ಎಷ್ಟು ಕೊಡಬೇಕು ಎಂಬುದು ಗೊತ್ತಾಯಿತು. ರೈತನಿಗೆ ದೂರಕ್ಕಿಂತಲೂ ಅನಿಶ್ಚಯವೇ ಹೆಚ್ಚಿನ ವೆಚ್ಚವಾಗಿದ್ದಿತು. ಹತ್ತು ಮೈಲಿ ಒಮ್ಮೆ ಹೋಗಿ ಕೆಲಸ ಮುಗಿಸಿಕೊಂಡು ಬರುವುದು, ಪಕ್ಕದ ಬೀದಿಗೆ ಹತ್ತು ಸಲ ಹೋಗಿ ಬರಿಗೈಯಲ್ಲಿ ಹಿಂದಿರುಗುವುದಕ್ಕಿಂತ ಮೇಲು.

ಒಮ್ಮೆ ದಾಖಲೆ ಹೀಗೆ ಒಂದೆಡೆ ಭದ್ರವಾದ ಮೇಲೆ, ಅದರ ನಕಲನ್ನು ಹಿಂದಕ್ಕೆ ಹಂಚುವುದು ಸುಲಭವಾಯಿತು. 2012ರ ಕೊನೆಯಲ್ಲಿ ಹೋಬಳಿಗಳ ನಾಡಕಚೇರಿಗಳು ಜನಸ್ನೇಹಿ ಕೇಂದ್ರಗಳಾಗಿ ಪಹಣಿಯನ್ನೂ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನೂ ಕೊಡಲಾರಂಭಿಸಿದುವು. 2016ರಿಂದೀಚೆಗೆ ಗ್ರಾಮ ಪಂಚಾಯತಿಗಳ ಬಾಪೂಜಿ ಸೇವಾ ಕೇಂದ್ರಗಳಲ್ಲಿಯೂ, ಅಂತರ್ಜಾಲದ ಮೂಲಕ ಮನೆಯಲ್ಲಿಯೂ ಅದು ದೊರೆಯುವಂತಾಯಿತು. 2011ರ ಸಕಾಲ ಅಧಿನಿಯಮವು 2012ರಲ್ಲಿ ಜಾರಿಗೆ ಬಂದು, ಒಂದೊಂದು ಸೇವೆಗೂ ಇಷ್ಟು ದಿನವೆಂದು ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರವೆಂದು ವಿಧಿಸಿತು. ಮೊತ್ತ ಚಿಕ್ಕದು, ಆದರೆ ಕಾಯುವವನ ಕಾಲಕ್ಕೂ ಬೆಲೆಯುಂಟೆಂದು ಸರ್ಕಾರವು ಬರೆಹದಲ್ಲಿ ಒಪ್ಪಿಕೊಂಡುದು ಚಿಕ್ಕ ಮಾತಲ್ಲ. ಪ್ರತಿವರ್ಷವೂ ಕಾಲೇಜು ತೆರೆಯುವ ದಿನಗಳಲ್ಲಿ ಆದಾಯದ ಪ್ರಮಾಣಪತ್ರವಿಲ್ಲದೆ ವಿದ್ಯಾರ್ಥಿವೇತನ ತಪ್ಪಿತೆಂದು ಕಣ್ಣೀರು ಹಾಕುತ್ತಿದ್ದ ಹುಡುಗರ ಸಂಖ್ಯೆಯು ಕಡಮೆಯಾದುದನ್ನು ನಾವು ನಮ್ಮ ತರಗತಿಗಳಲ್ಲಿಯೇ ಕಂಡಿದ್ದೇವೆ.

ಇಷ್ಟಾದರೂ ಕಷ್ಟವು ಪೂರ್ತಿ ತೀರಿತೆ? ತೀರಲಿಲ್ಲ. ಕಾರಣವೇನೆಂದರೆ, ಹಳ್ಳಿಗೆ ಹಿಂದಿರುಗಿ ಬಂದುದು ನಕಲು ಮಾತ್ರ. ಮೂಲದಲ್ಲಿ ತಪ್ಪಿದ್ದರೆ ಆ ತಪ್ಪೇ ಅಂದವಾಗಿ ಅಚ್ಚಾಗಿ ಬರುವುದು. ಅದನ್ನು ಸರಿಪಡಿಸಬೇಕಾದರೆ ಅರಿವೂ ತೀರ್ಮಾನವೂ ಬೇಕು. ಅವೆರಡೂ ಇಂದಿಗೂ ನಿಧಾನವಾಗಿಯೇ ನಡೆಯುತ್ತಿವೆ.

ಇದಕ್ಕೆ ನಮ್ಮ ಮನೆಯ ಸಂಗತಿಯನ್ನೇ ಹೇಳುವುದು ನ್ಯಾಯ. ನಮ್ಮ ಪೂರ್ವಿಕರ ನಾಲ್ಕು ಎಕರೆ ಹೊಲವು ನಮ್ಮ ತಾತನವರು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆಯೂ ಅವರ ಹೆಸರಿನಲ್ಲಿಯೇ ಇದ್ದಿತು. ಅದನ್ನು ಉಳುತ್ತಿದ್ದವನು ನಮ್ಮ ದೊಡ್ಡಪ್ಪನ ಮಗ. ಬರ ಬಂದ ವರ್ಷ ಸುತ್ತಲಿನ ಹೊಲಗಳಿಗೆಲ್ಲ ಪರಿಹಾರ ಬಂದಾಗ ಅವನಿಗೆ ಬರಲಿಲ್ಲ. ಏಕೆಂದರೆ ದಾಖಲೆಯ ಪ್ರಕಾರ ಆ ಹೊಲದ ರೈತನು ಬದುಕಿರಲಿಲ್ಲ. ಪೌತಿಖಾತೆಗೆ ಅರ್ಜಿ ಕೊಡಲು ಹೋದರೆ ವಂಶವೃಕ್ಷ ಬೇಕು, ಮರಣದ ದಾಖಲೆ ಬೇಕು, ಎಲ್ಲ ಹಕ್ಕುದಾರರ ಒಪ್ಪಿಗೆ ಬೇಕು. ಹಕ್ಕುದಾರರಾದ ನಾವು ಆರು ಮಂದಿ ಮೂರು ನಗರಗಳಲ್ಲಿದ್ದೆವು. ಆ ಅಣ್ಣನು ಎರಡು ಸಲ ನಮ್ಮ ಮನೆಗೆ ಬಂದು, ರುಜುವಿನ ಮಾತೆತ್ತಲು ಸಂಕೋಚಪಟ್ಟು, ತೆಂಗಿನಕಾಯಿಯ ಚೀಲವನ್ನಿಟ್ಟು ಹೋಗಿದ್ದನು. ನಾವು ಕಾಯಿಯನ್ನು ತೆಗೆದುಕೊಂಡೆವು, ಅವನು ಬಂದ ಕಾರಣವನ್ನು ಕೇಳಲಿಲ್ಲ. ಅವನ ಪರಿಹಾರವನ್ನು ತಪ್ಪಿಸಿದುದು ಯಾವ ಕಚೇರಿಯೂ ಅಲ್ಲ, ನಮ್ಮ ಉದಾಸೀನವೇ ಎಂದು ತಿಳಿದಾಗ ನಮಗೆ ನಾಚಿಕೆಯಾಯಿತು.

ಇಂಥ ಮನೆಗಳು ನಾಡಿನಲ್ಲಿ ಅಸಂಖ್ಯಾತವಾಗಿವೆ. ಇದಕ್ಕೆ ಪರಿಹಾರವಾಗಿ ಸರ್ಕಾರವು ಗ್ರಾಮಗಳಲ್ಲಿಯೇ ಕಂದಾಯ ಅದಾಲತ್ತುಗಳನ್ನೂ ಪೌತಿಖಾತೆಯ ಆಂದೋಲನಗಳನ್ನೂ ನಡೆಸಿದೆ. ಅಧಿಕಾರಿಯು ಊರಿಗೇ ಬಂದು, ಜನರೆದುರಿಗೆ ವಂಶವೃಕ್ಷವನ್ನು ಓದಿಸಿ, ತಕರಾರಿಲ್ಲವೆಂದು ಕಂಡುಕೊಂಡು ಖಾತೆಮಾಡುವ ಕ್ರಮವಿದು. ಇಲ್ಲಿ ಅರಿವು ಊರಿನದು, ತೀರ್ಮಾನ ಅಧಿಕಾರಿಯದು. ಎರಡೂ ಒಂದು ಮಧ್ಯಾಹ್ನ ಒಂದು ಕಡೆ ಸೇರುತ್ತವೆ. ವಿಕೇಂದ್ರೀಕರಣದಲ್ಲಿ ನಾವು ಬಯಸತಕ್ಕುದು ಇದನ್ನೇ. ಆದರೆ ಒಂದು ಎಚ್ಚರಿಕೆ ಅಗತ್ಯ. ಊರಿನ ಮಾತು ಹೆಣ್ಣುಮಕ್ಕಳ ವಿಷಯದಲ್ಲಿ ಯಾವಾಗಲೂ ಪೂರ್ತಿ ಮಾತಾಗಿರುವುದಿಲ್ಲ. ನಮ್ಮ ರಾಜ್ಯದ 1994ರ ತಿದ್ದುಪಡಿಯೂ ಇಡೀ ದೇಶಕ್ಕೆ ಅನ್ವಯಿಸುವ 2005ರ ತಿದ್ದುಪಡಿಯೂ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿದ್ದರೂ, ವಂಶವೃಕ್ಷ ಬರೆಯುವಾಗ ಮದುವೆಯಾಗಿ ಹೋದವಳ ಕೊಂಬೆಯನ್ನು ಬಿಟ್ಟುಬಿಡುವ ರೂಢಿ ಇನ್ನೂ ಅಳಿದಿಲ್ಲ. ಆದುದರಿಂದ ಊರಿನ ಸಾಕ್ಷ್ಯವನ್ನು ಕೇಳುವ ಅಧಿಕಾರಿಯು ಊರಿಗೆ ಅಂಜಬೇಕಾಗಿಲ್ಲದವನೂ ಆಗಿರಬೇಕು.

ಇನ್ನೊಂದು ತೊಡಕು ಅಳತೆಯದು. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹೆಸರು ಸೇರಿದ್ದು, ಯಾರ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ನಕ್ಷೆಯಲ್ಲಿ ಇಲ್ಲದ ಪಹಣಿಗಳು ಬಹಳ. ಪೋಡಿಯಾಗದ ಹೊರತು ಇವುಗಳ ಜಗಳ ತೀರದು. ಭೂಮಾಪಕನು ಬಾರದ ಹೊರತು ಪೋಡಿಯಾಗದು. ಇದು ಕಿಟಕಿಯಲ್ಲಿ ಕುಳಿತು ಮಾಡುವ ಕೆಲಸವಲ್ಲ, ಬಿಸಿಲಿನಲ್ಲಿ ಸರಪಣಿ ಹಿಡಿದು ಮಾಡುವ ಕೆಲಸ. ಈಗ ಸರಪಣಿಯ ಬದಲು ಬೇರೆ ಉಪಕರಣಗಳು ಬಂದಿವೆ, ಬಿಸಿಲು ಅದೇ ಇದೆ. ಅಧಿಕಾರವನ್ನು ಕೆಳಕ್ಕೆ ಇಳಿಸಿದೆವೆಂದು ಆಜ್ಞೆ ಹೊರಡಿಸಿ, ಅಳೆಯುವ ಜನರನ್ನೂ ಅವರ ಸಂಬಳವನ್ನೂ ಕೆಳಕ್ಕೆ ಇಳಿಸದಿದ್ದರೆ, ಇಳಿದುದು ಹೊಣೆ ಮಾತ್ರವೆಂದಾಗುವುದು.

ಈ ಪಾಠವು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದುದೆಂದು ಎಣಿಸಬೇಕಾಗಿಲ್ಲ. ಪೂರ್ವ ಆಫ್ರಿಕದ ರುವಾಂಡ ದೇಶದಲ್ಲಿ 2009ರಿಂದ 2013ರ ಸುಮಾರಿಗೆ ಹಳ್ಳಿಗರಿಗೇ ತರಬೇತು ಕೊಟ್ಟು, ಆಕಾಶದಿಂದ ತೆಗೆದ ಚಿತ್ರಗಳ ಮೇಲೆ ನೆರೆಹೊರೆಯವರ ಎದುರಿನಲ್ಲಿಯೇ ಎಲ್ಲೆಗಳನ್ನು ಗುರುತುಮಾಡಿಸಿ, ಒಂದು ಕೋಟಿಗೂ ಹೆಚ್ಚು ತುಂಡು ಭೂಮಿಯನ್ನು ದಾಖಲೆಗೆ ತಂದರು. ದಾಖಲೆಯನ್ನು ಸೃಷ್ಟಿಸುವುದು ಹಳ್ಳಿಯಲ್ಲಿ ಹೀಗೆ ಸುಲಭವಾಗಿ ನಡೆಯಿತು. ಆದರೆ ಅನಂತರದ ಕ್ರಯವಿಕ್ರಯಗಳನ್ನು ನೋಂದಾಯಿಸುವುದಕ್ಕೆ, ತುಂಡು ಎಷ್ಟೇ ಚಿಕ್ಕದಾದರೂ, 30,000 ಫ್ರಾಂಕುಗಳ ಒಂದೇ ಶುಲ್ಕವನ್ನು ಇಟ್ಟುದರಿಂದ, ಬಡವರು ನೋಂದಣಿಯಿಲ್ಲದೆಯೇ ಕೈಬದಲಾಯಿಸಿಕೊಳ್ಳತೊಡಗಿದರು. ದಾಖಲೆ ಒಂದು ದಾರಿ, ಹೊಲ ಒಂದು ದಾರಿ ಹಿಡಿಯುವ ಭಯ ಅಲ್ಲಿಯೂ ಉಂಟಾಯಿತು. ದಾಖಲೆಯನ್ನು ಒಮ್ಮೆ ಬರೆಯುವುದಕ್ಕಿಂತ, ಮದುವೆ, ಮರಣ, ಮಾರಾಟಗಳ ಜೊತೆಯಲ್ಲಿ ಅದನ್ನು ನಡೆಸಿಕೊಂಡು ಹೋಗುವುದೇ ಕಷ್ಟ.

ಇದುವರೆಗೆ ಹೇಳಿದುದರ ಸಾರವನ್ನು ಒಟ್ಟುಗೂಡಿಸೋಣ. ಅರಿವು ಊರಿನಲ್ಲಿರತಕ್ಕುದು, ಅದನ್ನು ತಾಲ್ಲೂಕಿನಲ್ಲಿ ಕುಳಿತು ಪಡೆಯಲಾಗದು. ಮೂಲ ದಾಖಲೆಯು ಯಾರೊಬ್ಬರ ಮನೆಗೂ ಚೀಲಕ್ಕೂ ಸೇರದೆ ಭದ್ರವಾದ ಒಂದು ಕಡೆ ಇರಬೇಕು, ಅದರ ನಕಲು ಮಾತ್ರ ಎಲ್ಲೆಡೆಯೂ ಸಿಕ್ಕಬೇಕು. ತೀರ್ಮಾನವು ಊರಿನ ಸಮೀಪಕ್ಕೆ, ಊರಿನ ಕಣ್ಣೆದುರಿಗೆ ಬರಬೇಕು. ಆದರೆ ಕಾರಣಗಳನ್ನು ಬರೆದಿಟ್ಟು, ಮೇಲೆ ಕೇಳುವವರಿಗೆ ಒಳಪಟ್ಟಿರಬೇಕು. ಈ ಮೂರನ್ನೂ ಒಂದೇ ಕೈಗೆ ಕೊಟ್ಟಾಗಲೆಲ್ಲ, ಆ ಕೈ ಹತ್ತಿರದ್ದಾದರೂ ದೂರದ್ದಾದರೂ, ಪ್ರಜೆಗೆ ಸೌಕರ್ಯ ಕುಂದಿದೆ. ಮೂರನ್ನು ಬೇರೆಬೇರೆ ಮಾಡಿ ಒಂದನ್ನೊಂದು ಕಾಯುವಂತೆ ಇಟ್ಟಾಗ ಸೌಕರ್ಯ ಹೆಚ್ಚಿದೆ. ಕಚೇರಿಯು ಊರಿನಿಂದ ಎಷ್ಟು ಮೈಲಿ ಎಂದು ಕೇಳುವುದರ ಜೊತೆಗೆ, ಅಲ್ಲಿ ತಪ್ಪಾದರೆ ಬಡವನು ಅದನ್ನು ಎಷ್ಟು ದಿನದಲ್ಲಿ, ಎಷ್ಟು ವೆಚ್ಚದಲ್ಲಿ ತಿದ್ದಿಸಿಕೊಳ್ಳಬಲ್ಲನು ಎಂದೂ ಕೇಳಬೇಕು.

ಕೊನೆಯದಾಗಿ ನಗರವಾಸಿಗಳಾದ ನಮ್ಮ ಕರ್ತವ್ಯವೊಂದುಂಟು. ಶಾಸನವು ಎಷ್ಟೇ ಚೆನ್ನಾಗಿದ್ದರೂ ಸತ್ತವರ ಹೆಸರನ್ನು ತೆಗೆದು ಬದುಕಿರುವವರ ಹೆಸರನ್ನು ಬರೆಯಬೇಕಾದರೆ ಬದುಕಿರುವವರ ರುಜು ಬೇಕು. ಈ ಮಾತನ್ನು ಕೇಳುತ್ತಿರುವವರಲ್ಲಿ ಯಾರ ಊರಿನ ಜಮೀನು ಇನ್ನೂ ತಾತನ ಹೆಸರಿನಲ್ಲಿದೆಯೋ ಅವರು, ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಪಹಣಿಯ ನಕಲೊಂದನ್ನು ಜೊತೆಗೆ ತೆಗೆದುಕೊಂಡು ಹೋಗಲಿ. ಅಕ್ಕತಂಗಿಯರನ್ನೂ ಕರೆದು, ವಂಶವೃಕ್ಷವನ್ನು ಎಲ್ಲರ ಎದುರಿಗೆ ಬರೆದು ರುಜು ಹಾಕಲಿ. ನಮ್ಮ ಮನೆಯಲ್ಲಿ ಆ ಕೆಲಸವು ಒಂದು ಯುಗಾದಿಯ ಮರುದಿನ ಅರ್ಧ ಗಂಟೆಯಲ್ಲಿ ಮುಗಿಯಿತು. ಅದಕ್ಕಾಗಿ ದೊಡ್ಡಪ್ಪನ ಮಗನು ಕಾದುದು ಹನ್ನೊಂದು ವರ್ಷ.